ನೀರು ತನ್ನ ದಾರಿಯನ್ನು ಮರೆಯುವುದಿಲ್ಲ

(ಸ್ನಾನಿಕ ಅರುಳಪ್ಪನವರ ಜನನದ ಹಬ್ಬ, ಜೂನ್ 24)



ಧರ್ಮಸಭೆ ಸಂತರನ್ನು ಸಾಮಾನ್ಯವಾಗಿ ಅವರು ಮರಣ ಹೊಂದಿದ ದಿನದಂದು ಸ್ಮರಿಸುತ್ತದೆ. ಅದು ಅವರು ಸ್ವರ್ಗದಲ್ಲಿ ಹುಟ್ಟಿದ ದಿನವೆಂಬುದು ನಮ್ಮ ನಂಬಿಕೆ. ಈ ಲೋಕದಲ್ಲಿ ಹುಟ್ಟಿದ ದಿನವನ್ನೇ ಹಬ್ಬವಾಗಿ ಆಚರಿಸುವುದು ಮೂವರದು ಮಾತ್ರ: ಪ್ರಭು ಯೇಸುವಿನದು, ಮಾತೆ ಮರಿಯಮ್ಮನವರದು ಮತ್ತು ಸ್ನಾನಿಕ ಅರುಳಪ್ಪನವರದು. ಅರುಳಪ್ಪನವರ ಹೆಸರು ನಮ್ಮ ಸೀಮೆಗೆ ಹೊಸದಲ್ಲ. ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಟ್ಟಿದ ವಿರಕ್ತ ಮಠ ಇರುವುದು ಅವರ ಹೆಸರಿನಲ್ಲೇ.

ಈ ಹಬ್ಬ ಬರುವ ಹೊತ್ತಿಗೆ ನಮ್ಮಲ್ಲಿ ಮಿರಗ ಮುಗಿದು ಆರಿದ್ರಾ ಮಳೆ ಹಿಡಿದಿರುತ್ತದೆ. ಬೇಸಿಗೆಯಿಡೀ ಮರಳು ಮತ್ತು ಜಾಲಿಗಿಡವಷ್ಟೇ ಕಾಣುತ್ತಿದ್ದ ಹಳ್ಳಗಳಲ್ಲಿ ಕೆಂಪು ನೀರು ಹರಿಯತೊಡಗುತ್ತದೆ. ಅದೇ ದಿನಗಳಲ್ಲಿ ನಾವು ಬಲಿಪೂಜೆಯಲ್ಲಿ ನೆನೆಯುವುದು, ಪ್ರಭುವಿಗಾಗಿ ದಾರಿ ಸಿದ್ಧಮಾಡಲು ಹುಟ್ಟಿದ ಮಗುವನ್ನು. ತಗ್ಗುಗಳು ತುಂಬಬೇಕು, ಗುಡ್ಡಗಳು ತಗ್ಗಬೇಕು, ಡೊಂಕಾದದ್ದು ನೆಟ್ಟಗಾಗಬೇಕು ಎಂದು ಪ್ರವಾದಿ ಯೆಶಾಯನು ಸಾರಿದ್ದನ್ನೇ ಅರುಳಪ್ಪನವರು ಜೋರ್ಡಾನ್ ನದಿಯ ದಂಡೆಯಲ್ಲಿ ಸಾರಿದರು. ತಗ್ಗು, ಗುಡ್ಡ, ದಾರಿ ಎಂಬ ಮಾತುಗಳನ್ನು ನಾವು ಆತ್ಮದ ವಿಷಯವಾಗಿ ಕೇಳಿ ಕೇಳಿ ರೂಢಿಯಾಗಿದೆ. ಈ ಸಲ ಒಂದಿಷ್ಟು ಹೊತ್ತು ಅವುಗಳನ್ನು ಮಣ್ಣಿನ ಮಾತುಗಳಾಗಿಯೇ ತೆಗೆದುಕೊಳ್ಳೋಣ. ದೇವರು ಸೃಷ್ಟಿಸಿದ ಈ ಭೂಮಿಯ ಮೇಲೆ ದಾರಿಗಳು ಹೇಗೆ ಹುಟ್ಟಿದವು? ಮನುಷ್ಯನು ಅದನ್ನು ಹೇಗೆ ತಿಳಿದುಕೊಂಡನು? ಆ ಕಥೆಯಲ್ಲಿ ನಮ್ಮ ಮಲಪ್ರಭೆಯೂ ಇದ್ದಾಳೆ, ಧರ್ಮಸಭೆಯ ಇಬ್ಬರು ದೊಡ್ಡ ವಿದ್ವಾಂಸರೂ ಇದ್ದಾರೆ.

ಹೊಲದಲ್ಲಿ ಹುಟ್ಟುವ ಹಳ್ಳ

ಹಳ್ಳ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಒಡ್ಡು ಒಡೆದ ಒಂದು ಎರೆಹೊಲದಲ್ಲಿ ಜೋರು ಮಳೆಯಾದ ಮರುದಿನ ನಡೆದು ನೋಡಿದರೆ ಸಾಕು. ಮಳೆ ನೀರು ಮೊದಲು ಹೊಲದ ತುಂಬ ತೆಳುವಾಗಿ ಹರಡಿ ಹರಿಯುತ್ತದೆ. ಎಲ್ಲೋ ಒಂದು ಕಡೆ ನೆಲ ಕೂದಲೆಳೆಯಷ್ಟು ತಗ್ಗಿದ್ದರೆ ನೀರು ಅಲ್ಲಿ ತುಸು ಹೆಚ್ಚು ಸೇರುತ್ತದೆ. ಹೆಚ್ಚು ಸೇರಿದಲ್ಲಿ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಲ್ಲಿ ಮಣ್ಣು ಏಳುತ್ತದೆ, ಮಣ್ಣು ಎದ್ದಲ್ಲಿ ತಗ್ಗು ಇನ್ನಷ್ಟು ಆಳವಾಗುತ್ತದೆ. ಆಳವಾದ ತಗ್ಗು ಅಕ್ಕಪಕ್ಕದ ನೀರನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹೀಗೆ ಬೆರಳಗಲದ ಗೆರೆ ಕೊರಕಲಾಗುತ್ತದೆ, ಕೊರಕಲು ಹಳ್ಳವಾಗುತ್ತದೆ, ಹಳ್ಳಗಳು ಕೂಡಿ ಹೊಳೆಯಾಗುತ್ತದೆ. ಎತ್ತರದಿಂದ ನೋಡಿದರೆ ಇವೆಲ್ಲ ಒಂದು ಮರದ ಕೊಂಬೆ ರೆಂಬೆಗಳಂತೆ ಕಾಣುತ್ತವೆ.

ಮಣ್ಣನ್ನು ನೀರು ಕೊರೆಯುವುದು ಸರಿ, ಕಲ್ಲನ್ನು ಹೇಗೆ ಕೊರೆಯುತ್ತದೆ? ತಿಳಿನೀರಿಗೆ ಗಟ್ಟಿ ಬಂಡೆಯ ಮೇಲೆ ಹೆಚ್ಚೇನೂ ಮಾಡಲಾಗದು. ನೀರು ಹೊತ್ತು ತರುವ ಮರಳು ಮತ್ತು ಗುಂಡುಗಲ್ಲುಗಳೇ ಆ ಕೆಲಸ ಮಾಡುತ್ತವೆ. ಬಡಗಿ ಉಪ್ಪುಕಾಗದದಿಂದ ಹಲಗೆಯನ್ನು ಉಜ್ಜುವಂತೆ ಅವು ಬಂಡೆಯನ್ನು ಉಜ್ಜುತ್ತವೆ. ಸುಳಿಯಲ್ಲಿ ಸಿಕ್ಕ ಕಲ್ಲುಗಳು ಒಂದೇ ಜಾಗದಲ್ಲಿ ಗಿರಗಿರನೆ ತಿರುಗುತ್ತ ಒರಳಿನಂಥ ಗುಂಡಿಗಳನ್ನು ಕೊರೆಯುತ್ತವೆ. ಬಂಡೆಯಲ್ಲಿ ಬಿರುಕುಗಳಿದ್ದರೆ ಮಹಾಪೂರದ ನೀರು ಇಡೀ ತುಂಡುಗಳನ್ನೇ ಕಿತ್ತು ಒಯ್ಯುತ್ತದೆ. ವರ್ಷದ ಹೆಚ್ಚಿನ ದಿನಗಳಲ್ಲಿ ನದಿ ಸುಮ್ಮನೆ ಹರಿಯುತ್ತದೆ. ದೊಡ್ಡ ಕೆತ್ತನೆಯ ಕೆಲಸ ನಡೆಯುವುದು ಪೂರ ಬಂದ ಕೆಲವೇ ದಿನಗಳಲ್ಲಿ. ಆದರೆ ಅಂಥ ಪೂರಗಳು ಸಾವಿರ ಸಲವಲ್ಲ, ಲಕ್ಷ ಸಲ ಬಂದಿರುತ್ತವೆ.

ಗುಡ್ಡ ಮೊದಲೋ, ಹೊಳೆ ಮೊದಲೋ?

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ. ಅವಳು ಕಿತ್ತೂರು ಸೀಮೆಯ ಮುಗುಟಖಾನ ಹುಬ್ಬಳ್ಳಿಯನ್ನು ದಾಟಿ, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಹರಿದು, ಪಟ್ಟದಕಲ್ಲು ಮತ್ತು ಐಹೊಳೆಗಳ ಮಗ್ಗುಲಿಂದ ಸಾಗಿ, ಕೂಡಲಸಂಗಮದಲ್ಲಿ ಸುಮಾರು 488 ಮೀಟರ್ ಎತ್ತರದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಒಟ್ಟು ದೂರ ಸುಮಾರು 304 ಕಿಲೋಮೀಟರ್, ಇಳಿದ ಎತ್ತರವೂ ಸುಮಾರು 304 ಮೀಟರ್. ಸರಾಸರಿ ಲೆಕ್ಕ ಹಿಡಿದರೆ ಒಂದು ಕಿಲೋಮೀಟರಿಗೆ ಬರೀ ಒಂದು ಮೀಟರ್ ಇಳಿಜಾರು. ಇಷ್ಟು ಸೌಮ್ಯವಾದ ನದಿ ಸವದತ್ತಿಯ ಬಳಿ ಗಟ್ಟಿ ಕಲ್ಲಿನ ಗುಡ್ಡದ ಸಾಲನ್ನು ಅಡ್ಡಡ್ಡವಾಗಿ ಸೀಳಿಕೊಂಡು ಹೋಗಿದೆ. ಅದೇ ನವಿಲುತೀರ್ಥ. ನವಿಲಿನ ಕೂಗಿಗೆ ಓಗೊಟ್ಟು ಹೊಳೆ ಗುಡ್ಡವನ್ನೇ ಸೀಳಿ ಬಂದಳೆಂದು ಜನ ಕಥೆ ಹೇಳುತ್ತಾರೆ. ಆ ಕಂಡಿ ಎಷ್ಟು ಇಕ್ಕಟ್ಟಾಗಿದೆಯೆಂದರೆ, 1970ರ ದಶಕದ ಆರಂಭದಲ್ಲಿ ಅಲ್ಲಿ ಕಟ್ಟಿದ ಅಣೆಕಟ್ಟೆಯ ಉದ್ದ ಸುಮಾರು 155 ಮೀಟರ್ ಮಾತ್ರ. ಅಷ್ಟು ಚಿಕ್ಕ ಗೋಡೆಯ ಹಿಂದೆ 37 ಟಿಎಂಸಿಗೂ ಹೆಚ್ಚು ನೀರು ಹಿಡಿಯುವ ರೇಣುಕಾ ಸಾಗರ ನಿಂತಿದೆ.

ಇಲ್ಲಿನ ಕಲ್ಲು ಸಾಮಾನ್ಯದ್ದಲ್ಲ. ಒಂದು ಕಾಲದ ಮರಳು ಒತ್ತಿ ಬೆಸೆದು ಗಟ್ಟಿಯಾದ ಕ್ವಾರ್ಟ್ಜೈಟ್ ಅದು. ಭೂವಿಜ್ಞಾನದ ಪುಸ್ತಕಗಳಲ್ಲಿ ಈ ಶಿಲೆಗೆ 'ಸವದತ್ತಿ ಕ್ವಾರ್ಟ್ಜೈಟ್' ಎಂದೂ, ಅದು ಸೇರಿರುವ ಶಿಲಾಸ್ತರಕ್ಕೆ 'ರಾಮದುರ್ಗ ಫಾರ್ಮೇಶನ್' ಎಂದೂ ಹೆಸರಿದೆ. ವಯಸ್ಸು ನೂರು ಕೋಟಿ ವರ್ಷಗಳಿಗೂ ಮೇಲೆ. ಕಲಾದಗಿ ಸೀಮೆಯ ಈ ಕಲ್ಲುಗಳಲ್ಲಿ ಕೆಲವೆಡೆ ನೀರಿನ ಅಲೆ ಮರಳಿನ ಮೇಲೆ ಬಿಟ್ಟ ಸುಕ್ಕುಗೆರೆಗಳು ಇಂದಿಗೂ ಹಾಗೆಯೇ ಉಳಿದಿವೆ. ಅಂದರೆ, ಇಂದು ಹೊಳೆ ಕೊರೆಯುತ್ತಿರುವ ಕಲ್ಲೇ ಒಂದಾನೊಂದು ಕಾಲದಲ್ಲಿ ನೀರು ತಂದು ಹಾಸಿದ ಮರಳು.

ಹಾಗಾದರೆ ನದಿ ಗುಡ್ಡವನ್ನು ಏರಿ ಸೀಳಿದ್ದು ಹೇಗೆ? ಇಂಥ ಕಂಡಿಗಳಿಗೆ ಭೂವಿಜ್ಞಾನಿಗಳು ಸಾಮಾನ್ಯವಾಗಿ ಕೊಡುವ ಉತ್ತರ ನಮ್ಮ ಊಹೆಯನ್ನು ತಲೆಕೆಳಗು ಮಾಡುತ್ತದೆ. ನದಿ ಗುಡ್ಡದ ಹತ್ತಿರ ಬಂದು ಅದನ್ನು ಸೀಳಲಿಲ್ಲ. ಇಂದಿನ ಗುಡ್ಡ ತಲೆಯೆತ್ತಿ ಕಾಣುವ ಮೊದಲೇ ನದಿ ಅಲ್ಲಿತ್ತು. ಆಗ ನೆಲದ ಮಟ್ಟವೇ ಮೇಲಿತ್ತು. ನದಿ ತನ್ನ ದಾರಿಯಲ್ಲಿ ಕೆಳಕೆಳಗೆ ಇಳಿಯುತ್ತ ಹೋಯಿತು. ಸುತ್ತಲಿನ ಮೆತ್ತನೆಯ ಕಲ್ಲುಮಣ್ಣು ಸವೆದು ಹೋದಂತೆ ಗಟ್ಟಿ ಕಲ್ಲಿನ ಸಾಲು ಗುಡ್ಡವಾಗಿ ಎದ್ದು ನಿಂತಿತು. ಗಟ್ಟಿ ಕಲ್ಲು ಎದುರಾದರೂ ನದಿ ದಾರಿ ಬದಲಿಸದೆ ಅದನ್ನೇ ಕೊರೆಯುತ್ತ ಕೂತಿತು. ಅದು ಒಂದು ದಿನದ ಸಿಟ್ಟಿನಿಂದ ಆದ ಕೆಲಸವಲ್ಲ.

ಕಲ್ಲನ್ನು ಓದಿದ ಧರ್ಮಾಧ್ಯಕ್ಷರು

ಇದನ್ನೆಲ್ಲ ಮನುಷ್ಯ ಕಣ್ಣಿಂದ ಕಂಡವನಲ್ಲ. ಕಲ್ಲನ್ನು ಪುಸ್ತಕದಂತೆ ಓದಲು ನಮಗೆ ಕಲಿಸಿದವರಲ್ಲಿ ಮೊದಲಿಗರು ನಿಕೋಲಾಸ್ ಸ್ಟೆನೋ. 1638ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಲುಥೆರನ್ ಕುಟುಂಬದಲ್ಲಿ ಹುಟ್ಟಿದ ಇವರು ವೈದ್ಯಶಾಸ್ತ್ರ ಕಲಿತು ಇಟಲಿಯ ಫ್ಲಾರೆನ್ಸ್ ನಗರಕ್ಕೆ ಬಂದರು. 1666ರಲ್ಲಿ ಅಲ್ಲಿ ಒಂದು ದೊಡ್ಡ ಶಾರ್ಕ್ ಮೀನಿನ ತಲೆಯನ್ನು ಕೊಯ್ದು ಪರೀಕ್ಷಿಸಿದಾಗ, ಬೆಟ್ಟಗಳ ಕಲ್ಲಿನಲ್ಲಿ ಸಿಗುವ ನಾಲಿಗೆಯಾಕಾರದ ತುಂಡುಗಳು ಹಳೆಯ ಶಾರ್ಕ್ ಮೀನುಗಳ ಹಲ್ಲುಗಳೇ ಎಂಬುದು ಅವರಿಗೆ ಖಚಿತವಾಯಿತು. 1667ರಲ್ಲಿ ಅವರು ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿದರು. 1669ರಲ್ಲಿ ಪ್ರಕಟವಾದ ಅವರ ಚಿಕ್ಕ ಪುಸ್ತಕ ಭೂವಿಜ್ಞಾನಕ್ಕೆ ಅಡಿಗಲ್ಲಾಯಿತು.

ಅವರು ಹೇಳಿದ್ದು ಮೂರು ಸರಳ ಮಾತುಗಳು. ಕಲ್ಲಿನ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ನೀರು ಹಾಸಿದ ಪದರಗಳು ಮೊದಲು ಮಟ್ಟಸವಾಗಿಯೇ ಇರುತ್ತವೆ, ಓರೆಯಾಗಿದ್ದರೆ ಅದು ಆಮೇಲೆ ಆದದ್ದು. ಒಂದೇ ಪದರ ಕಣಿವೆಯ ಈ ಗೋಡೆಯಲ್ಲೂ ಆ ಗೋಡೆಯಲ್ಲೂ ಕಂಡರೆ, ಅವೆರಡೂ ಹಿಂದೆ ಒಂದೇ ಆಗಿದ್ದವು, ನಡುವಿನದನ್ನು ಯಾವುದೋ ತೆಗೆದುಹಾಕಿದೆ. ನವಿಲುತೀರ್ಥದಲ್ಲಿ ನಿಂತು ಎರಡೂ ಬದಿಯ ಕಲ್ಲನ್ನು ನೋಡುವ ಯಾರಿಗಾದರೂ ಈ ಮೂರನೆಯ ಮಾತು ತಾನಾಗಿಯೇ ಅರ್ಥವಾಗುತ್ತದೆ.

ಸ್ಟೆನೋ 1675ರಲ್ಲಿ ಗುರುದೀಕ್ಷೆ ಪಡೆದರು, 1677ರಲ್ಲಿ ಧರ್ಮಾಧ್ಯಕ್ಷರಾದರು. ಉತ್ತರ ಜರ್ಮನಿಯಲ್ಲಿ ಚದುರಿಹೋಗಿದ್ದ ಕಥೋಲಿಕರ ನಡುವೆ ಬಡವರಂತೆ ಬದುಕಿ 1686ರಲ್ಲಿ ತೀರಿಕೊಂಡರು. ಪೋಪ್ ಎರಡನೆಯ ಜಾನ್ ಪಾಲ್ ಅವರು 1988ರ ಅಕ್ಟೋಬರ್ 23ರಂದು ಅವರನ್ನು ಧನ್ಯರೆಂದು ಘೋಷಿಸಿದರು. ಅಕ್ಟೋಬರ್ 23 ಕಿತ್ತೂರಿನವರಿಗೆ ಯಾರೂ ನೆನಪಿಸಬೇಕಾದ ದಿನವಲ್ಲ. 1824ರಲ್ಲಿ ರಾಣಿ ಚೆನ್ನಮ್ಮನ ಸೈನ್ಯ ಥ್ಯಾಕರೆಯ ದಂಡನ್ನು ಸೋಲಿಸಿದ ದಿನವದು. ಕಿತ್ತೂರು ಉತ್ಸವದ ಆ ದಿನ ನಮ್ಮ ಮಕ್ಕಳಿಗೆ ಈ ಧನ್ಯರ ಕಥೆಯನ್ನೂ ಹೇಳಬಹುದು. ವಿಜ್ಞಾನ ಓದಿದರೆ ವಿಶ್ವಾಸ ಹೋಗುತ್ತದೆಯೇ ಎಂದು ಕೇಳುವ ನಮ್ಮ ಯುವಕರಿಗೆ ಅವರ ಬದುಕೇ ಉತ್ತರ.

ಆದರೂ ಕಣಿವೆಗಳನ್ನು ಅವುಗಳಲ್ಲಿ ಹರಿಯುವ ನದಿಗಳೇ ಕೊರೆದವೆಂದು ಒಪ್ಪಲು ಯುರೋಪಿನ ವಿದ್ವಾಂಸರಿಗೆ ಇನ್ನೂ ಬಹಳ ಕಾಲ ಹಿಡಿಯಿತು. ಭೂಮಿ ಬಿರಿದು ಕಣಿವೆಗಳಾದವೆಂದು ಕೆಲವರೂ, ನೋಹನ ಕಾಲದ ಜಲಪ್ರಳಯವೊಂದೇ ಎಲ್ಲವನ್ನೂ ಕೆತ್ತಿತೆಂದು ಕೆಲವರೂ ಹೇಳುತ್ತಿದ್ದರು. 1802ರಲ್ಲಿ ಸ್ಕಾಟ್ಲೆಂಡಿನ ಜಾನ್ ಪ್ಲೇಫೇರ್ ಎಂಬವರು ಒಂದು ಸಾದಾ ಸಂಗತಿಯನ್ನು ಎತ್ತಿ ತೋರಿಸಿದರು. ಹಳ್ಳಗಳು ಹೊಳೆಯನ್ನು ಸೇರುವಲ್ಲಿ ಸಾಮಾನ್ಯವಾಗಿ ಎರಡರ ತಳವೂ ಒಂದೇ ಮಟ್ಟದಲ್ಲಿರುತ್ತದೆ. ದೊಡ್ಡ ಹೊಳೆಗೆ ದೊಡ್ಡ ಕಣಿವೆ, ಸಣ್ಣ ಹಳ್ಳಕ್ಕೆ ಸಣ್ಣ ಕಣಿವೆ ಇರುತ್ತದೆ. ಬಿರುಕಿನಿಂದಲೋ ಒಂದೇ ಪ್ರಳಯದಿಂದಲೋ ಇಷ್ಟು ಅಳತೆಬದ್ಧವಾದ ಏರ್ಪಾಡು ಆಗಲಾರದು. ಪ್ರತಿಯೊಂದು ಹಳ್ಳವೂ ತನ್ನ ದಾರಿಯನ್ನು ತಾನೇ ಕೊರೆದುಕೊಂಡಿದೆ.

ನಮ್ಮ ಸೀಮೆಯ ಕಲ್ಲನ್ನು ಮೊದಲು ಹೀಗೆ ಕ್ರಮವಾಗಿ ಓದಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯುತ್ತಿದ್ದ ಈ ಪ್ರದೇಶದ ಕುರಿತ ಅವರ ಬೃಹತ್ ವರದಿ 1876ರಲ್ಲಿ ಪ್ರಕಟವಾಯಿತು. ಮಲಪ್ರಭೆ ಮತ್ತು ಘಟಪ್ರಭೆಗಳ ದಂಡೆಯಲ್ಲಿ ನದಿ ಹಿಂದೆ ಬಿಟ್ಟುಹೋದ ಗುಂಡುಗಲ್ಲಿನ ಪದರಗಳಲ್ಲಿ ಅವರಿಗೆ ಹಳೆ ಶಿಲಾಯುಗದ ಮನುಷ್ಯರು ಕೆತ್ತಿದ ಕಲ್ಲಿನ ಆಯುಧಗಳು ಸಿಕ್ಕವು. ಗೋಕಾಕದ ಸೀಮೆಯಲ್ಲಿ ಖಡ್ಗಮೃಗದ ಪಳೆಯುಳಿಕೆ ಸಿಕ್ಕಿತು. ಮುಂದೆ 1955ರಲ್ಲಿ ಆರ್. ವಿ. ಜೋಶಿಯವರು ಮಲಪ್ರಭೆಯ ಕಣಿವೆಯ ಕುರಿತೇ ಒಂದು ಗ್ರಂಥ ಬರೆದರು. ಇಂದು ನದಿ ಹರಿಯದ ಜಾಗದಲ್ಲೂ ಅವಳ ಮರಳು, ಅವಳ ಗುಂಡುಗಲ್ಲು ಇವೆ. ಅವಳು ಹಿಂದೆ ಎಲ್ಲಿ ಓಡಾಡಿದ್ದಳೆಂಬುದನ್ನು ಅವು ಇಂದಿಗೂ ಹೇಳುತ್ತವೆ.

ಮಂಗಳನ ಮೇಲೆ ಕಂಡ ಗೆರೆಗಳು

ಹೀಗೆ ಭೂಮಿಯ ದಾರಿಗಳನ್ನು ಓದಲು ಕಲಿತ ಮನುಷ್ಯ ಆಕಾಶದತ್ತಲೂ ನೋಡಿದನು. ಭೂಮಿಯಂತೆಯೇ ಗಟ್ಟಿ ನೆಲವಿರುವ ನೆರೆಗ್ರಹ ಮಂಗಳನ ಮೇಲೂ ದಾರಿಗಳಿವೆಯೇ? ಇಲ್ಲಿಯೂ ಮೊದಲಿಗೆ ಸಿಗುವುದು ಒಬ್ಬ ಗುರುವಿನ ಹೆಸರು. ರೋಮಿನಲ್ಲಿ ಯೇಸುಸಭೆಯ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಫಾದರ್ ಆಂಜೆಲೋ ಸೆಕ್ಕಿ, ನಕ್ಷತ್ರಗಳನ್ನು ಅವುಗಳ ಬೆಳಕಿನ ಬಣ್ಣಪಟ್ಟಿಯ ಮೇಲೆ ವರ್ಗೀಕರಿಸಿದ ಮಹಾವಿಜ್ಞಾನಿ. 1858ರಲ್ಲಿ ಅವರು ಮಂಗಳನ ಚಿತ್ರಗಳನ್ನು ಬರೆಯುವಾಗ ಅಲ್ಲಿ ಕಂಡ ಒಂದು ದೊಡ್ಡ ಕಪ್ಪು ಮಚ್ಚೆಯನ್ನು 'ಅಟ್ಲಾಂಟಿಕ್ ಕನಾಲೆ' ಎಂದು ಕರೆದರು. 1877ರಲ್ಲಿ ಮಿಲಾನಿನ ಸ್ಕಿಯಾಪರೆಲ್ಲಿಯವರು ಮಂಗಳನ ಮೇಲೆ ಉದ್ದುದ್ದ ಗೆರೆಗಳನ್ನು ಕಂಡು ಅವುಗಳಿಗೂ ಅದೇ ಪದವನ್ನು ಬಳಸಿದರು. ಇಟಾಲಿಯನ್ ಭಾಷೆಯಲ್ಲಿ ಆ ಪದಕ್ಕೆ ತಾನಾಗಿ ಹುಟ್ಟಿದ ನೀರಿನ ದಾರಿ ಎಂದೂ ಅರ್ಥವಿದೆ, ಮನುಷ್ಯರು ತೋಡಿದ ಕಾಲುವೆ ಎಂದೂ ಅರ್ಥವಿದೆ. ಇಂಗ್ಲಿಷಿಗೆ ಹೋಗುವಾಗ ಅದು ಕಾಲುವೆ ಆಯಿತು.

ಅಲ್ಲಿಂದ ಮುಂದೆ ಕಲ್ಪನೆ ಓಡಿತು. ಅಮೆರಿಕದ ಶ್ರೀಮಂತ ಪರ್ಸಿವಲ್ ಲೋವೆಲ್ 1894ರಲ್ಲಿ ಅರಿಜೋನಾದಲ್ಲಿ ಸ್ವಂತ ವೀಕ್ಷಣಾಲಯವನ್ನೇ ಕಟ್ಟಿಸಿದರು. ಮಂಗಳನ ಬುದ್ಧಿವಂತ ಜೀವಿಗಳು ಧ್ರುವಗಳ ಹಿಮ ಕರಗಿದ ನೀರನ್ನು ಒಣನೆಲಕ್ಕೆ ತರಲು ಕಾಲುವೆ ತೋಡಿದ್ದಾರೆಂದು ಪುಸ್ತಕಗಳನ್ನು ಬರೆದರು. 1903ರಲ್ಲಿ ಇಂಗ್ಲೆಂಡಿನ ಮೌಂಡರ್ ಎಂಬ ಖಗೋಳಜ್ಞರು ಒಂದು ಪರೀಕ್ಷೆ ಮಾಡಿದರು. ಚುಕ್ಕೆಗಳೂ ಮಚ್ಚೆಗಳೂ ಇದ್ದ ಚಿತ್ರವನ್ನು ಶಾಲಾ ಹುಡುಗರಿಗೆ ದೂರದಿಂದ ತೋರಿಸಿ, ಕಂಡದ್ದನ್ನು ಬರೆಯಲು ಹೇಳಿದರು. ದೂರ ಕೂತ ಹಲವು ಹುಡುಗರು ಇಲ್ಲದ ಗೆರೆಗಳನ್ನು ಬರೆದರು! ಮಸುಕಾಗಿ ಕಂಡ ಚುಕ್ಕೆಗಳನ್ನು ಕಣ್ಣು ತಾನಾಗಿಯೇ ಜೋಡಿಸಿಬಿಡುತ್ತದೆ. 1965ರಲ್ಲಿ ಮ್ಯಾರಿನರ್ 4 ನೌಕೆ ಮಂಗಳನ ಹತ್ತಿರ ಹಾಯ್ದು ಚಿತ್ರ ಕಳುಹಿಸಿದಾಗ ಕಾಲುವೆಗಳ ಸುಳಿವೇ ಇರಲಿಲ್ಲ. ಉಲ್ಕೆ ಬಿದ್ದ ಕುಳಿಗಳಷ್ಟೇ ಕಂಡವು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 1971ರ ನವೆಂಬರಿನಲ್ಲಿ ಮ್ಯಾರಿನರ್ 9 ಮಂಗಳನನ್ನು ಸುತ್ತತೊಡಗಿತು. ಧೂಳಿನ ಬಿರುಗಾಳಿ ಇಳಿದ ಮೇಲೆ ಅದು ಕಳುಹಿಸಿದ ಚಿತ್ರಗಳಲ್ಲಿ ನಿಜವಾದ ನೀರಿನ ದಾರಿಗಳಿದ್ದವು. ಯಾರೂ ತೋಡಿದ ನೇರ ಕಾಲುವೆಗಳಲ್ಲ. ಕೊಂಬೆರೆಂಬೆಗಳಾಗಿ ಕೂಡುವ ಒಣ ಹಳ್ಳಗಳು, ಹತ್ತಾರು ಕಿಲೋಮೀಟರ್ ಅಗಲದ ಮಹಾಪೂರದ ಪಾತ್ರಗಳು. ಹಳ್ಳಗಳ ಜಾಲದ ಬಹುಭಾಗ 350 ಕೋಟಿ ವರ್ಷಗಳಿಗೂ ಹಿಂದಿನದು. ಇಂದು ಮಂಗಳನ ಗಾಳಿಯ ಒತ್ತಡ ನಮ್ಮದರ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಅಲ್ಲಿ ನೀರು ಹೊಳೆಯಾಗಿ ಹರಿಯಲಾರದು. 2012ರಲ್ಲಿ ಕ್ಯೂರಿಯಾಸಿಟಿ ಬಂಡಿ ಅಲ್ಲಿ ಉರುಟಾದ ಹರಳುಗಳಿರುವ ಬಂಡೆಯನ್ನು ಕಂಡಿತು. ಗಾಳಿ ಹೊತ್ತು ತರಲಾರದಷ್ಟು ದೊಡ್ಡ ಹರಳುಗಳವು. ಪಾದದ ಗಂಟಿನಿಂದ ಸೊಂಟದವರೆಗಿನ ಆಳದ, ಮನುಷ್ಯನ ನಡಿಗೆಯ ವೇಗದ ತೊರೆ ಅಲ್ಲಿ ಹರಿದಿತ್ತೆಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಮಲಪ್ರಭೆಯ ದಂಡೆಯಲ್ಲಿ ಫೂಟ್ ಓದಿದಂಥ ಗುರುತನ್ನೇ ಅವರು ಇನ್ನೊಂದು ಗ್ರಹದಲ್ಲಿ ಓದಿದರು. ನಮ್ಮ ದೇಶದ ಮಂಗಳಯಾನವೂ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿ, 2022ರಲ್ಲಿ ಸಂಪರ್ಕ ಕಡಿಯುವವರೆಗೆ ಆ ಗ್ರಹವನ್ನು ಸುತ್ತುತ್ತ ಚಿತ್ರ ಕಳುಹಿಸಿತು.

ಎಲ್ಲ ಕಣಿವೆಯೂ ನೀರಿನದಲ್ಲ

ತಗ್ಗು ಕಂಡಲ್ಲೆಲ್ಲ ನೀರು ಕೊರೆಯಿತೆನ್ನುವುದೂ ಸರಿಯಲ್ಲ. ಚಂದ್ರನ ಮೇಲೆ 1971ರಲ್ಲಿ ಅಪೊಲೊ 15ರ ಯಾತ್ರಿಗಳು ಒಂದು ಅಂಕುಡೊಂಕಾದ ಕಾಲುವೆಯ ದಂಡೆಯಲ್ಲಿ ನಿಂತರು. ಅದು ಕರಗಿದ ಬೆಂಕಿಕಲ್ಲು, ಅಂದರೆ ಲಾವಾ ಹರಿದು ಆದದ್ದು. ಶುಕ್ರಗ್ರಹದಲ್ಲಿ ಇಂಥದೇ ಒಂದು ಪಾತ್ರ ಸುಮಾರು 6,800 ಕಿಲೋಮೀಟರ್ ಉದ್ದವಿದೆ. ಮಂಗಳನ ಅತಿ ದೊಡ್ಡ ಕಣಿವೆ ಸುಮಾರು 4,000 ಕಿಲೋಮೀಟರ್ ಉದ್ದವಿದ್ದು, ಅದು ಮುಖ್ಯವಾಗಿ ಗ್ರಹದ ತೊಗಟೆ ಬಿರಿದು ಆದದ್ದು. ಅರುಳಪ್ಪನವರು ದೀಕ್ಷಾಸ್ನಾನ ಕೊಟ್ಟ ಜೋರ್ಡಾನ್ ನದಿಯೂ ತಾನು ಕೊರೆಯದ ಕಣಿವೆಯಲ್ಲಿ ಹರಿಯುತ್ತದೆ. ಭೂಮಿಯ ತೊಗಟೆ ಸರಿದು ಕುಸಿದ ತಗ್ಗು ಅದು. ನದಿ ಕೊನೆಗೆ ಸೇರುವ ಮೃತಸಮುದ್ರ ಸಮುದ್ರಮಟ್ಟಕ್ಕಿಂತ 400 ಮೀಟರಿಗೂ ಕೆಳಗಿದೆ. ಪ್ರಭು ಯೇಸು ದೀಕ್ಷಾಸ್ನಾನಕ್ಕಾಗಿ ಇಳಿದು ಬಂದದ್ದು ಭೂಮಿಯ ಮೇಲಿನ ಅತ್ಯಂತ ತಗ್ಗಿನ ನೆಲಕ್ಕೆ ಎಂಬುದು ಧ್ಯಾನಿಸಬೇಕಾದ ಮಾತು.

ಆದ್ದರಿಂದ ಒಂದು ಕಣಿವೆಯನ್ನು ಕಂಡಾಗ ಪ್ರಾಮಾಣಿಕನಾದವನು ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಹಾದುಹೋದದ್ದು ಯಾವುದು? ನಮಗೆ ಬೇಕಾದದ್ದನ್ನು ಅಲ್ಲಿ ಕಾಣುವುದು ಲೋವೆಲ್ ಅವರ ದಾರಿ. ಇದ್ದದ್ದನ್ನು ತಾಳ್ಮೆಯಿಂದ ಓದುವುದು ಸ್ಟೆನೋ ಅವರ ದಾರಿ.

2019ರ ಆಗಸ್ಟ್

ಈ ಪ್ರಶ್ನೆ ಆಕಾಶದ ಗ್ರಹಗಳಿಗಷ್ಟೇ ಸೇರಿದ್ದಲ್ಲ. 2009ರ ಮಹಾಪೂರ ಉತ್ತರ ಕರ್ನಾಟಕವನ್ನೇ ನಡುಗಿಸಿತ್ತು. ಹತ್ತು ವರ್ಷಗಳ ನಂತರ, 2019ರ ಆಗಸ್ಟಿನಲ್ಲಿ, ಮೇಲಿನ ಮಳೆ ನಿಲ್ಲದೆ ಸುರಿದು ನವಿಲುತೀರ್ಥದಿಂದ ಭಾರೀ ಪ್ರಮಾಣದಲ್ಲಿ ನೀರು ಬಿಡಬೇಕಾಯಿತು. ಮುನವಳ್ಳಿ ಮತ್ತು ರಾಮದುರ್ಗದ ಓಣಿಗಳಿಗೆ ಹೊಳೆ ನುಗ್ಗಿತು. ಮನೆ, ಮಗ್ಗ, ಅಂಗಡಿ, ದನಕರು, ಮಕ್ಕಳ ಪುಸ್ತಕ, ಹೊಲದ ಮೇಲ್ಮಣ್ಣು, ಏನೆಲ್ಲ ಹೋಯಿತೆಂಬುದನ್ನು ಕಳೆದುಕೊಂಡವರೇ ಬಲ್ಲರು. ಆಗ ಕೇಳಿಬಂದ ಒಂದು ಮಾತು: ಇದು ದೇವರ ಶಿಕ್ಷೆ, ಯಾರದೋ ಪಾಪದ ಫಲ.

ಪ್ರಭು ಯೇಸುವಿನ ಮುಂದೆಯೂ ಒಮ್ಮೆ ಇಂಥ ಮಾತು ಬಂದಿತ್ತು. ಸಿಲೋವಾಮಿನ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಜೆರುಸಲೇಮಿನ ಉಳಿದೆಲ್ಲರಿಗಿಂತ ಹೆಚ್ಚು ಪಾಪಿಗಳೇನೂ ಅಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಹಾಗೆಂದು ಸುಮ್ಮನಾಗಲಿಲ್ಲ, ಕೇಳುತ್ತಿದ್ದವರಿಗೆ ಮನಪರಿವರ್ತನೆಯ ಕರೆ ಕೊಟ್ಟರು. ನಮಗೂ ಆ ಎರಡು ಮಾತುಗಳು ಬೇಕು. ಪೂರದಲ್ಲಿ ಮನೆ ಕಳೆದುಕೊಂಡವನ ಮೇಲೆ ಪಾಪ ಹೊರಿಸುವುದು ಶುಭಸಂದೇಶವಲ್ಲ. ಆದರೆ ನೀರು ಏಕೆ ಅಲ್ಲಿಗೇ ಬಂತೆಂದು ಕೇಳದಿರುವುದೂ ಪ್ರಾಮಾಣಿಕತೆಯಲ್ಲ.

ಅಣೆಕಟ್ಟೆ ಕಟ್ಟಿದ ಮೇಲೆ ಅದರ ಕೆಳಗಿನ ಪಾತ್ರದಲ್ಲಿ ಎಷ್ಟೋ ವರ್ಷ ನೀರು ಕಡಿಮೆ ಹರಿಯಿತು. ಹರಿಯದ ಹೊಳೆ ಜನರ ಕಣ್ಣಿಗೆ ಬರಿದಾದ ಜಮೀನಿನಂತೆ ಕಂಡಿತು. ಪಾತ್ರದಲ್ಲಿ ಜಾಲಿ ಬೆಳೆಯಿತು, ಹೂಳು ತುಂಬಿತು, ಹೊಲಗಳು ಮುಂದೆ ಬಂದವು, ಕಟ್ಟಡಗಳು ಎದ್ದವು. ಮನುಷ್ಯನಿಗೆ ಇಪ್ಪತ್ತು ವರ್ಷ ಬಹಳ ಕಾಲ. ಲಕ್ಷಾಂತರ ವರ್ಷಗಳಿಂದ ಕೊರೆದ ದಾರಿಗೆ ಇಪ್ಪತ್ತು ವರ್ಷ ಏನೂ ಅಲ್ಲ. 2019ರಲ್ಲಿ ಹೊಳೆ ಊರಿಗೆ ಬಂದಳೆಂದು ನಾವು ಹೇಳುತ್ತೇವೆ. ಹೊಳೆಗೆ ಬಾಯಿದ್ದಿದ್ದರೆ, ಊರೇ ತನ್ನ ಹಾಸಿಗೆಗೆ ಬಂದಿತ್ತೆಂದು ಹೇಳುತ್ತಿದ್ದಳೇನೋ.

ಇದನ್ನು ಹೇಳುವಾಗ ಒಂದು ಎಚ್ಚರ ಬೇಕು. ತಗ್ಗಿನಲ್ಲಿ ಮನೆ ಕಟ್ಟಿಕೊಂಡವರೆಲ್ಲ ದುರಾಸೆಯವರಲ್ಲ. ಎತ್ತರದ ಜಾಗ ಕೊಳ್ಳಲು ಹಣವಿಲ್ಲದವರು, ಮಗ್ಗದ ಕೆಲಸ ಹತ್ತಿರವೆಂದು ಬಂದವರು, ಯಾರೋ ಮಾರಿದ ನಿವೇಶನವನ್ನು ನಂಬಿ ಕೊಂಡವರು ಅವರಲ್ಲಿ ಬಹಳ ಮಂದಿ. ಭೂಮಿಯ ಅಳಲೂ ಬಡವರ ಅಳಲೂ ಒಂದೇ ಕೂಗೆಂದು ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೋ ಸೀ' ವಿಶ್ವಪತ್ರದಲ್ಲಿ ಕಲಿಸಿದ ಪಾಠವನ್ನು ನಾವು ಮಲಪ್ರಭೆಯ ದಂಡೆಯಲ್ಲೇ ಕಣ್ಣಾರೆ ಕಂಡಿದ್ದೇವೆ.

ದಾರಿ ಸಿದ್ಧಮಾಡುವುದೆಂದರೆ

ಜೋರ್ಡಾನಿನ ದಂಡೆಯಲ್ಲಿ ಜನರು ಅರುಳಪ್ಪನವರನ್ನು, ಹಾಗಾದರೆ ನಾವೇನು ಮಾಡಬೇಕು ಎಂದು ಕೇಳಿದರು. ಅವರು ದೊಡ್ಡ ತತ್ವವನ್ನೇನೂ ಹೇಳಲಿಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದನ್ನು ಕೊಡಲಿ, ಊಟವಿದ್ದವನೂ ಹಾಗೆಯೇ ಮಾಡಲಿ ಎಂದರು. ಸುಂಕದವರಿಗೆ, ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದರು. ಸೈನಿಕರಿಗೆ, ಯಾರನ್ನೂ ಹೆದರಿಸಿ ಕಿತ್ತುಕೊಳ್ಳಬೇಡಿ ಎಂದರು. ಪ್ರಭುವಿನ ದಾರಿ ಇಷ್ಟು ಸಾದಾ ಕೆಲಸಗಳಿಂದ ಸಿದ್ಧವಾಗುತ್ತದೆ.

ಇಂದು ಅವರು ಮಲಪ್ರಭೆಯ ದಂಡೆಗೆ ಬಂದರೆ ನಮಗೂ ಇಂಥದ್ದನ್ನೇ ಹೇಳಿಯಾರು. ಹೊಲವಿದ್ದವನೇ, ನಿನ್ನ ಹಕ್ಕಿನ ಗಡಿಗೆ ನಿಲ್ಲು. ಹಳ್ಳದ ಜಾಗವನ್ನು ಹಳ್ಳಕ್ಕೆ ಬಿಡು. ಜಮೀನು ಅಳೆಯುವವನೇ, ಇದ್ದಷ್ಟನ್ನೇ ಬರೆ. ನಿವೇಶನ ಮಾರುವವನೇ, ನೀರಿನ ದಾರಿಯನ್ನು ಬಡವನಿಗೆ ಮಾರಬೇಡ. ಎತ್ತರದಲ್ಲಿ ಮನೆಯಿದ್ದವನೇ, ತಗ್ಗಿನಲ್ಲಿದ್ದವನಿಗೆ ಎತ್ತರದಲ್ಲಿ ಒಂದು ಜಾಗ ಸಿಗುವಂತೆ ನಿನ್ನ ಮಾತು, ನಿನ್ನ ಓಡಾಟ, ನಿನ್ನ ಹಣದಿಂದ ಸಹಾಯ ಮಾಡು. ಮಿರಗಕ್ಕೆ ಮೊದಲು ಓಣಿಯ ಜನರೆಲ್ಲ ಕೂಡಿ ಹಳ್ಳದ ಕಸ, ಪ್ಲಾಸ್ಟಿಕ್, ಜಾಲಿಕಂಟಿ ತೆಗೆಯಿರಿ. ಜಾತಿ ಮತ ನೋಡದೆ ಎಲ್ಲರೂ ಕೂಡಿ ಮಾಡಬಹುದಾದ ಕೆಲಸವಿದು. ನಮ್ಮ ಧರ್ಮಕೇಂದ್ರಗಳ ಯುವಕ ಸಂಘಗಳು, ಮಹಿಳಾ ಸಂಘಗಳು ಮುಂದೆ ನಿಂತರೆ ಅದು ಈ ಹಬ್ಬಕ್ಕೆ ಒಪ್ಪುವ ಆಚರಣೆಯಾಗುತ್ತದೆ.

ಹೊರಗಿನ ಈ ಕೆಲಸದ ಜೊತೆಗೆ ಒಳಗಿನದೂ ಇದೆ. ನಮ್ಮ ಮನಸ್ಸೂ ಒಂದು ನೆಲ. ದಿನವೂ ಅದರ ಮೇಲೆ ಯಾವುದು ಹರಿಯುತ್ತದೆಯೋ ಅದು ತನ್ನ ದಾರಿ ಕೊರೆಯುತ್ತದೆ. ಮನೆಯಲ್ಲಿ ದಿನಕ್ಕೊಮ್ಮೆ ಸಿಟ್ಟಿನ ಮಾತು ಹರಿದರೆ ಮೊದಲ ದಿನ ಅದು ಬೆರಳಗಲದ ಗೆರೆ, ಹತ್ತು ವರ್ಷದಲ್ಲಿ ದಾಟಲಾಗದ ಕೊರಕಲು. ದಿನಕ್ಕೊಮ್ಮೆ ಎಲ್ಲರೂ ಕೂತು ಜಪಸರ ಹೇಳಿದರೆ ಅದೂ ಹಾಗೆಯೇ. ಇವತ್ತು ಮನಸ್ಸು ನಿಲ್ಲಲಿಲ್ಲ, ಏನೂ ಅನ್ನಿಸಲಿಲ್ಲ ಎಂದು ಬೇಸರಪಡಬೇಕಾಗಿಲ್ಲ. ಒಂದು ದಿನದಲ್ಲಿ ನದಿ ಎಷ್ಟು ಕಲ್ಲು ಸವೆಸಿತೆಂದು ಯಾರ ಕಣ್ಣಿಗೂ ಕಾಣುವುದಿಲ್ಲ. ಬಹಳ ವರ್ಷ ಪ್ರಾರ್ಥನೆ ಬಿಟ್ಟು ದೂರ ಹೋದ ಮಗನೋ ಮಗಳೋ ನಮ್ಮ ಮನೆಯಲ್ಲಿದ್ದರೆ ನಿರಾಶೆಯೂ ಬೇಡ. ದೀಕ್ಷಾಸ್ನಾನದಂದು ಹರಿದ ಕೃಪೆ ಕೊರೆದ ದಾರಿ ಒಣಗಿರಬಹುದು, ಮುಳ್ಳು ಬೆಳೆದಿರಬಹುದು, ಆದರೆ ಅಳಿದಿಲ್ಲ. ಮಳೆ ಬಂದ ದಿನ ನೀರು ಅಲ್ಲಿಗೇ ಬರುತ್ತದೆ. ಅಷ್ಟರಲ್ಲಿ ಆ ದಾರಿಯ ಮುಳ್ಳನ್ನು ತೆಗೆದಿಡುವುದು ನಮ್ಮ ಪಾಲಿನ ಕೆಲಸ.

ಸಕಲ ಧರ್ಮಕೇಂದ್ರಗಳ ಕುಟುಂಬಗಳಿಗೆ ಹಬ್ಬದ ಶುಭಾಶಯಗಳು. ಈ ವರ್ಷದ ಮಳೆ ನಮ್ಮ ಹೊಲಗಳಿಗೆ ಹಿತವಾಗಿರಲಿ, ತಗ್ಗಿನ ಮನೆಗಳಿಗೆ ಕೇಡಾಗದಿರಲಿ.

ಸ್ನಾನಿಕ ಅರುಳಪ್ಪನವರೇ, ನಮಗಾಗಿ ಪ್ರಾರ್ಥಿಸಿರಿ.